ಬೀದರಿನ ಕೆಂಪುಕಲ್ಲು, ಮಂಗಳದ ಕೆಂಪು ಧೂಳು

ಮಂಗಳ ಗ್ರಹದ ಕೆಂಪು ಬಣ್ಣಕ್ಕೆ ಅಲ್ಲಿಯ ಕಲ್ಲುಗಳಲ್ಲಿರುವ ಕಬ್ಬಿಣ ತುಕ್ಕು ಹಿಡಿದಿರುವುದೇ ಕಾರಣವೆಂಬುದು ಶಾಲಾ ಮಕ್ಕಳಿಗೂ ತಿಳಿದ ಸಂಗತಿ. ಆದರೆ ಅದು ಯಾವ ಬಗೆಯ ತುಕ್ಕು, ಹಿಡಿದದ್ದು ಯಾವ ಕಾಲದಲ್ಲಿ, ನೀರಿನ ಸಹವಾಸದಿಂದಲೋ ಒಣ ಗಾಳಿಯಿಂದಲೋ ಎಂಬ ಪ್ರಶ್ನೆಗಳು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಅದು ಹೆಮಟೈಟ್ ಎಂಬ, ನೀರಿನ ಅಂಶವಿಲ್ಲದ ಖನಿಜ ಎಂಬುದು ದಶಕಗಳ ಕಾಲ ಚಾಲ್ತಿಯಲ್ಲಿದ್ದ ಅಭಿಪ್ರಾಯ. 2025ರ ಫೆಬ್ರುವರಿಯಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ನಿಯತಕಾಲಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಅಭಿಪ್ರಾಯವನ್ನು ಅಲುಗಾಡಿಸಿತು. ಮಂಗಳದ ಧೂಳಿನಲ್ಲಿ ಪ್ರಧಾನವಾಗಿರುವುದು ಫೆರಿಹೈಡ್ರೈಟ್ ಎಂಬ ಇನ್ನೊಂದು ಕಬ್ಬಿಣದ ಆಕ್ಸೈಡ್ ಎಂದು ಅದು ವಾದಿಸಿತು. ಫೆರಿಹೈಡ್ರೈಟ್ ತಣ್ಣನೆಯ ನೀರಿನ ಸಂಪರ್ಕದಲ್ಲಿ ಬೇಗನೆ ಹುಟ್ಟುವ ಖನಿಜ. ತನ್ನ ಮೈಯೊಳಗೆ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಈ ವಾದ ನಿಜವಾದರೆ ಮಂಗಳ ಕೆಂಪಾದದ್ದು, ಅಲ್ಲಿ ಇನ್ನೂ ನೀರು ಇದ್ದ ಕಾಲದಲ್ಲಿ.

ಈ ತೀರ್ಮಾನಕ್ಕೆ ವಿಜ್ಞಾನಿಗಳು ಬಂದ ಬಗೆ ಗಮನಾರ್ಹವಾದುದು. ಮಂಗಳದ ಒಂದು ಚಿಟಿಕೆ ಧೂಳೂ ಅವರ ಕೈಯಲ್ಲಿರಲಿಲ್ಲ. ಭೂಮಿಯ ಪ್ರಯೋಗಾಲಯದಲ್ಲಿ ಬಸಾಲ್ಟ್ ಎಂಬ ಜ್ವಾಲಾಮುಖಿ ಶಿಲೆಗೆ ಫೆರಿಹೈಡ್ರೈಟ್ ಬೆರೆಸಿ, ತಲೆಗೂದಲಿನ ನೂರರಲ್ಲಿ ಒಂದು ಭಾಗದಷ್ಟು ನುಣ್ಣಗೆ ಅರೆದು, ಆ ಪುಡಿ ಬೆಳಕನ್ನು ಪ್ರತಿಫಲಿಸುವ ರೀತಿಯನ್ನು ಗಗನನೌಕೆಗಳು ಮತ್ತು ರೋವರ್‌ಗಳು ಕಳಿಸಿದ ಮಾಹಿತಿಯೊಡನೆ ತಾಳೆ ನೋಡಿದರು. ಹೋಗಲಾರದ ಊರಿನ ಸುದ್ದಿಯನ್ನು ನಮ್ಮ ಊರಿನ ಕಲ್ಲಿನಿಂದ ಕೇಳಿ ತಿಳಿಯುವ ವಿಧಾನವಿದು. ಗ್ರಹವಿಜ್ಞಾನದ ಬಹುಪಾಲು ಇದೇ ವಿಧಾನದ ಮೇಲೆ ನಿಂತಿದೆ.

ಕಾಲೇಜಿನಲ್ಲಿ ಬಹಳ ವರ್ಷ ಭೂವಿಜ್ಞಾನ ಬೋಧಿಸಿದ ನನಗೆ ಇಂತಹ ಸುದ್ದಿಗಳನ್ನು ಓದುವಾಗಲೆಲ್ಲ ಒಂದು ವಿಚಾರ ಮನಸ್ಸಿಗೆ ಬರುತ್ತದೆ. ಈ ಬಗೆಯ ಅಧ್ಯಯನಕ್ಕೆ ಹವಾಯಿ ದ್ವೀಪ, ಐಸ್‌ಲ್ಯಾಂಡ್‌ಗಳ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ. ಜಗತ್ತಿನ ಅತಿ ದೊಡ್ಡ ಲಾವಾ ಹಾಸುಗಳಲ್ಲೊಂದರ ದಕ್ಷಿಣದ ಅಂಚು ನಮ್ಮದೇ ರಾಜ್ಯದ ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಹರಡಿಕೊಂಡಿದೆ ಎಂಬುದು ಮಾತ್ರ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿದೆ?

ಗ್ರಹಗಳ ಸಾಮಾನ್ಯ ಕಲ್ಲು

ಮೈಸೂರಿನವರಿಗೆ ಕಲ್ಲು ಎಂದೊಡನೆ ಕಣ್ಣ ಮುಂದೆ ಬರುವುದು ಚಾಮುಂಡಿ ಬೆಟ್ಟದ ಗ್ರಾನೈಟ್. ಗ್ರಾನೈಟ್ ಭೂಮಿಯ ಖಂಡಗಳ ಕಲ್ಲು. ಅದರಲ್ಲಿ ಸಿಲಿಕಾ ಹೆಚ್ಚು, ಕಬ್ಬಿಣ ಕಡಿಮೆ. ಇತರ ಗ್ರಹಗಳಲ್ಲಿ ಇದು ಅಪರೂಪದ ವಸ್ತು. ಅಲ್ಲಿಯ ಸಾಮಾನ್ಯ ಕಲ್ಲು ಬಸಾಲ್ಟ್. ಬರಿಗಣ್ಣಿಗೆ ಚಂದ್ರನಲ್ಲಿ ಮೊಲದಂತೆ ಕಾಣುವ ಕಪ್ಪು ಕಲೆಗಳು ಬಸಾಲ್ಟ್ ಬಯಲುಗಳು. ಮಂಗಳದ ನೆಲದ ಬಹುಭಾಗ ಬಸಾಲ್ಟ್. ರಷ್ಯಾದ ವೆನೆರಾ ನೌಕೆಗಳು ಶುಕ್ರನ ಮೇಲೆ ಇಳಿದ ಕಡೆಗಳಲ್ಲಿ ಅಳೆದದ್ದೂ ಬಹುಮಟ್ಟಿಗೆ ಬಸಾಲ್ಟನ್ನೇ. ಗ್ರಹವೊಂದರ ಒಡಲು ಅಲ್ಪಸ್ವಲ್ಪ ಕರಗಿ ಮೇಲೆ ಉಕ್ಕಿದಾಗ ಸಹಜವಾಗಿ ದೊರೆಯುವ ಶಿಲೆ ಇದು. ಆದುದರಿಂದ ಬಸಾಲ್ಟ್ ಹೇಗೆ ಹುಟ್ಟುತ್ತದೆ, ಹೇಗೆ ಸಾಯುತ್ತದೆ ಎಂಬುದನ್ನು ಬಲ್ಲವನು ಅರ್ಧ ಸೌರಮಂಡಲದ ಭಾಷೆಯನ್ನು ಬಲ್ಲನು.

ಬಸಾಲ್ಟಿನ ಹತ್ತಿರದ ಸಂಬಂಧಿಯೊಂದು ಮೈಸೂರಿನ ಸುತ್ತಮುತ್ತಲೇ ಇದೆ. ಅಡುಗೆಮನೆಯ ಕಟ್ಟೆಗೆ ಹಾಸುವ, ‘ಬ್ಲ್ಯಾಕ್ ಗ್ರಾನೈಟ್’ ಎಂದು ವ್ಯಾಪಾರಿಗಳು ಕರೆಯುವ ಚಾಮರಾಜನಗರ ಸೀಮೆಯ ಕರಿಕಲ್ಲು ವಾಸ್ತವವಾಗಿ ಗ್ರಾನೈಟ್ ಅಲ್ಲ, ಅದು ಡಾಲರೈಟ್. ಲಾವಾ ಆಗಿ ಹೊರಗೆ ಹರಿಯಬೇಕಾಗಿದ್ದ ಶಿಲಾಪಾಕವು ನೆಲದೊಳಗಿನ ಬಿರುಕುಗಳಲ್ಲೇ ನಿಂತು, ನಿಧಾನವಾಗಿ ತಣಿದು ಗಟ್ಟಿಯಾದದ್ದು. ಹಳೆಯ ನೈಸ್ ಬಂಡೆಗಳನ್ನು ಸೀಳಿಕೊಂಡು ಗೋಡೆಗಳಂತೆ ಹಾದುಹೋಗುವ ಈ ಕಲ್ಲು ರಾಸಾಯನಿಕವಾಗಿ ಬಸಾಲ್ಟನ್ನೇ ಹೋಲುತ್ತದೆ. ಇದರ ಕಲ್ಲುಗಣಿಗೆ ಹೋದವರು ಒಂದು ನೋಟವನ್ನು ಕಂಡಿರಬಹುದು. ಕೊರೆದು ತೆಗೆದ ದಿಂಡಿನ ಒಳಭಾಗ ಇದ್ದಲಿನಂತೆ ಕಪ್ಪು. ಹೊರಗಡೆ ಮಾತ್ರ ಕಂದು ಬಣ್ಣದ ಸಿಪ್ಪೆ. ಉರುಟಾದ ಗುಂಡುಗಳಲ್ಲಿ ಈ ಸಿಪ್ಪೆ ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಡುತ್ತದೆ. ಗಣಿಯವರಿಗೆ ಅದು ಮಾರಾಟಕ್ಕೆ ಬಾರದ ಕಸ. ಭೂವಿಜ್ಞಾನಿಗೆ ಆ ಸಿಪ್ಪೆಯೇ ಮುಖ್ಯ. ಗಾಳಿ, ನೀರು, ಬಿಸಿಲುಗಳು ಕಲ್ಲಿನೊಡನೆ ನಡೆಸಿದ ವ್ಯವಹಾರದ ಲೆಕ್ಕವೆಲ್ಲ ಅದರಲ್ಲಿದೆ. ಈ ವ್ಯವಹಾರಕ್ಕೆ ಪಠ್ಯಪುಸ್ತಕಗಳು ಶಿಥಿಲೀಕರಣವೆಂದು ಹೆಸರಿಟ್ಟಿವೆ.

ಶಿಥಿಲೀಕರಣಕ್ಕೆ ಒಂದು ಕ್ರಮವಿದೆ. ಅಮೆರಿಕದ ಸ್ಯಾಮ್ಯುಯೆಲ್ ಗೋಲ್ಡಿಚ್ 1938ರಲ್ಲಿ ಆ ಕ್ರಮವನ್ನು ಪಟ್ಟಿ ಮಾಡಿದರು. ಅತ್ಯಂತ ಹೆಚ್ಚಿನ ಶಾಖದಲ್ಲಿ ಹರಳುಗಟ್ಟುವ ಖನಿಜಗಳು ಭೂಮಿಯ ಮೇಲ್ಮೈಯಲ್ಲಿ ಎಲ್ಲರಿಗಿಂತ ಮೊದಲು ಹಾಳಾಗುತ್ತವೆ. ಬಸಾಲ್ಟಿನಲ್ಲಿರುವ ಒಲಿವೀನ್ ಎಂಬ ಹಸಿರು ಹರಳು ಅವುಗಳಲ್ಲಿ ಮೊದಲನೆಯದು. ಗ್ರಾನೈಟಿನ ಬೆಣಚುಕಲ್ಲು ಕೊನೆಯದು. ನೀರು ಸೋಕಿದ ಕಡೆ ಒಲಿವೀನ್ ಹೆಚ್ಚು ಕಾಲ ಉಳಿಯಲಾರದು. ಈ ಸರಳ ಸಂಗತಿಯೇ ಮಂಗಳದಲ್ಲಿ ದೊಡ್ಡ ಸಾಕ್ಷಿಯಾಯಿತು. 2003ರಲ್ಲಿ ಅಲ್ಲಿಯ ನಿಲಿ ಫಾಸೆ ಪ್ರದೇಶದಲ್ಲಿ ಒಲಿವೀನ್ ಹೇರಳವಾಗಿ ಇರುವುದು ಕಕ್ಷೆಯಿಂದಲೇ ಪತ್ತೆಯಾಯಿತು. ಮರುವರ್ಷ ಗುಸೆವ್ ಕುಳಿಯಲ್ಲಿಳಿದ ‘ಸ್ಪಿರಿಟ್’ ರೋವರ್ ಕೂಡ ಒಲಿವೀನ್ ತುಂಬಿದ ಬಸಾಲ್ಟ್ ಕಲ್ಲುಗಳನ್ನು ಕಂಡಿತು. ಕೋಟ್ಯಂತರ ವರ್ಷ ಮಳೆ ಸುರಿದ ನೆಲದಲ್ಲಿ ಒಲಿವೀನ್ ಹೀಗೆ ಉಳಿಯುವುದು ಅಸಾಧ್ಯ. ಅಂದರೆ ಅಲ್ಲಿ ನೀರು ಇದ್ದಿದ್ದರೂ ಎಲ್ಲ ಕಡೆ, ಎಲ್ಲ ಕಾಲ ಇರಲಿಲ್ಲ.

ಒಂದೇ ಕಲ್ಲು, ಎರಡು ಮಣ್ಣು

ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಪಶ್ಚಿಮ ಮತ್ತು ಮಧ್ಯ ಭಾರತದಲ್ಲಿ ನೆಲ ಬಿರಿದು ಲಾವಾ ಹರಿಯಿತು. ಒಂದರ ಮೇಲೊಂದು ಹರಿದು ಹೆಪ್ಪುಗಟ್ಟಿದ ಆ ಪದರಗಳು ಇಂದಿಗೂ ಸುಮಾರು 5 ಲಕ್ಷ ಚದರ ಕಿಲೊಮೀಟರ್ ವ್ಯಾಪಿಸಿವೆ. ಪಶ್ಚಿಮ ಘಟ್ಟದ ಕೆಲವು ಭಾಗಗಳಲ್ಲಿ ಅವುಗಳ ಒಟ್ಟು ದಪ್ಪ 2 ಕಿಲೊಮೀಟರಿಗೂ ಮಿಗಿಲು. ಬೆಟ್ಟಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುವುದರಿಂದ, ಮೆಟ್ಟಿಲೆಂಬ ಅರ್ಥದ ಸ್ವೀಡಿಷ್ ಪದದ ಮೂಲಕ ‘ಡೆಕ್ಕನ್ ಟ್ರ್ಯಾಪ್’ ಎಂಬ ಹೆಸರು ಬಂತು. ವಿಜಯಪುರದ ಗೋಳಗುಮ್ಮಟಕ್ಕೆ ಬಳಸಿದ್ದು ಈ ಲಾವಾ ಕಲ್ಲನ್ನೇ.

ಬೀದರಿನಲ್ಲಿ ಈ ಲಾವಾ ಕೆಂಪು ಟೋಪಿ ಧರಿಸಿ ನಿಂತಿದೆ. ಪ್ರಸ್ಥಭೂಮಿಯ ಮೇಲೆ ಹತ್ತಾರು ಮೀಟರ್ ದಪ್ಪನಾದ ಲ್ಯಾಟರೈಟ್. ಅದರ ಕೆಳಗೆ ಅರ್ಧ ಕೊಳೆತ, ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಶಿಲೆ. ಅದಕ್ಕೂ ಕೆಳಗೆ ಕೆಡದ ಕಪ್ಪು ಬಸಾಲ್ಟ್. ಕರಾವಳಿಯವರು ಮುರಕಲ್ಲು ಎನ್ನುವ ಲ್ಯಾಟರೈಟಿಗೆ ಆ ಹೆಸರು ಬಂದ ಕಥೆಗೂ ನಮ್ಮ ಮೈಸೂರಿಗೂ ಸಂಬಂಧವಿದೆ. ಟಿಪ್ಪು ಸುಲ್ತಾನನ ಪತನದ ಮರುವರ್ಷ, ಅಂದರೆ 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ವೈದ್ಯ ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟು ಶ್ರೀರಂಗಪಟ್ಟಣದ ಮಾರ್ಗವಾಗಿ ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರುಗಳನ್ನು ಸುತ್ತಿದನು. ಮಲಬಾರಿನ ಅಂಗಾಡಿಪುರದಲ್ಲಿ ಆತ ಕಂಡ ಕಲ್ಲು ವಿಚಿತ್ರವಾಗಿತ್ತು. ನೆಲದಲ್ಲಿರುವಾಗ ಸಲೀಸಾಗಿ ಕತ್ತರಿಸಬಹುದು; ಗಾಳಿಗೆ ಒಡ್ಡಿದರೆ ಇಟ್ಟಿಗೆಗಿಂತ ಗಟ್ಟಿ. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. 1807ರಲ್ಲಿ ಪ್ರಕಟವಾದ ಅವನ ಪ್ರವಾಸ ಗ್ರಂಥದ ಮೂಲಕ ಆ ಪದ ಜಗತ್ತಿನ ಭೂವಿಜ್ಞಾನಕ್ಕೆಲ್ಲ ಸೇರಿತು.

ಬಸಾಲ್ಟ್ ಲ್ಯಾಟರೈಟಾಗಲು ಸಾಕಷ್ಟು ಬಿಸಿ, ಸಾಕಷ್ಟು ಮಳೆ, ನೀರು ಇಂಗಿ ಹರಿದುಹೋಗಲು ದಾರಿ, ಇವೆಲ್ಲಕ್ಕಿಂತ ಮಿಗಿಲಾಗಿ ದೀರ್ಘಕಾಲ ಬೇಕು. ನೀರು ಮೊದಲು ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿ ಒಯ್ಯುತ್ತದೆ. ಬಳಿಕ ಸಿಲಿಕಾವನ್ನೂ ಬಿಡುವುದಿಲ್ಲ. ನೀರಿನಲ್ಲಿ ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು, ಜೊತೆಗೆ ಕಯೋಲಿನೈಟ್ ಎಂಬ ಬಿಳಿಯ ಜೇಡಿ, ಇವಿಷ್ಟೇ ಉಳಿಯುತ್ತವೆ. ಬೀದರಿನ ಇಂದಿನ ಮಳೆ ಇಷ್ಟು ಕೆಲಸವನ್ನು ಮಾಡಲಾರದು. ಈ ಕೆಂಪು ಟೋಪಿ ಹಿಂದಿನ, ಹೆಚ್ಚು ತೇವದ ಯುಗಗಳ ನೆನಪು. ವಾಯುಗುಣ ಬದಲಾದರೂ ಅದು ಬರೆದ ಬರೆಹ ಕಲ್ಲಿನಲ್ಲಿ ಅಳಿಸದೆ ಉಳಿದಿದೆ.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಬೀದರಿಗೆ ಹೋಗಿದ್ದಾಗ ಅಲ್ಲಿಯ ಸುರಂಗ ಬಾವಿಯನ್ನು ನೋಡಿದೆವು. ಬಹಮನಿ ಅರಸರ ಕಾಲದಲ್ಲಿ, ಪರ್ಷಿಯಾದ ಪದ್ಧತಿಯಂತೆ ತೋಡಿದ ನೆಲದಡಿಯ ಕಾಲುವೆ ಇದು. ಕಾಲುವೆ ಆ ಆಳದಲ್ಲಿಯೇ ಏಕೆ ಸಾಗುತ್ತದೆಂದು ಹುಡುಗರು ಕೇಳಿದರು. ಪಕ್ಕದಲ್ಲಿದ್ದ, ಬಾವಿ ತೋಡುವ ಕಸುಬಿನ ವೃದ್ಧರೊಬ್ಬರು ನನಗಿಂತ ಮೊದಲು ಉತ್ತರ ಕೊಟ್ಟರು: “ಕೆಂಪುಕಲ್ಲು ಮುಗದು ಕರಿಕಲ್ಲು ಹತ್ತೂ ಕಡೆ ನೀರ ನಿಂತಿರತಾವರೀ ಸರ. ಅದರ ಕೆಳಗ ಎಷ್ಟ ತೋಡಿದರೂ ದುಡ್ಡ ದಂಡ.” ಶಿಥಿಲೀಕರಣದ ಇಡೀ ಪಾಠ ಆ ಎರಡು ವಾಕ್ಯಗಳಲ್ಲಿತ್ತು. ಕೆಂಪುಕಲ್ಲು ರಂಧ್ರಮಯ, ಮಳೆನೀರು ಅದರಲ್ಲಿ ಇಂಗುತ್ತದೆ. ಕೆಳಗಿನ ಕೆಡದ ಬಸಾಲ್ಟ್ ನೀರನ್ನು ತಡೆಯುತ್ತದೆ. ಎರಡೂ ಕೂಡುವ ಗೆರೆಯಲ್ಲಿ ನೀರು ಸೇರುತ್ತದೆ. ಬೀದರಿನ ಝರಣಿ ನರಸಿಂಹ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದುಹೋಗುವುದಕ್ಕೂ, ನಾನಕ್ ಝೀರಾದಲ್ಲಿ ಬತ್ತದೆ ನೀರು ಜಿನುಗುವುದಕ್ಕೂ ಹಿನ್ನೆಲೆಯಲ್ಲಿರುವುದು ಇದೇ ಕೆಂಪುಕಲ್ಲಿನ ಗುಣ.

ಬೀದರಿನ ಪ್ರಸ್ಥಭೂಮಿಯಿಂದ ಕೆಳಗಿಳಿದರೆ ನೋಟ ಬದಲಾಗುತ್ತದೆ. ಅದೇ ಬಸಾಲ್ಟ್, ಆದರೆ ಮಣ್ಣು ಕಪ್ಪು. ತಗ್ಗಿನಲ್ಲಿ ನೀರು ಹರಿದುಹೋಗದೆ ನಿಲ್ಲುವುದರಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಅಲ್ಲಿಯೇ ಉಳಿದು ಸ್ಮೆಕ್ಟೈಟ್ ಎಂಬ ಬೇರೊಂದು ಜೇಡಿ ಹುಟ್ಟುತ್ತದೆ. ನೀರು ಕುಡಿದರೆ ಉಬ್ಬುವ, ಬೇಸಗೆಯಲ್ಲಿ ಕಾಲು ತೂರುವಷ್ಟು ಬಿರುಕು ಬಿಡುವ ಎರೆಮಣ್ಣಿನ ಜೀವಾಳ ಈ ಜೇಡಿ. ತಾಯಿ ಒಬ್ಬಳೇ, ಮಕ್ಕಳು ಬೇರೆ ಬೇರೆ. ವ್ಯತ್ಯಾಸ ಮಾಡಿದ್ದು ನೀರಿನ ನಡೆ. ಇದಕ್ಕೆ ವಿರುದ್ಧವಾದ ಉದಾಹರಣೆ ಮೈಸೂರಿನ ನೆರೆಯಲ್ಲಿದೆ. ನಂಜನಗೂಡು, ಚಾಮರಾಜನಗರ ಕಡೆಯ ಎರೆಭೂಮಿಯ ಕೆಳಗೆ ಡೆಕ್ಕನ್ ಲಾವಾ ಇಲ್ಲವೇ ಇಲ್ಲ. ಅಲ್ಲಿ ಬೇರೆ ಕಲ್ಲುಗಳು, ಕಡಿಮೆ ಮಳೆ ಮತ್ತು ತಗ್ಗು ನೆಲದ ಕಾರಣದಿಂದ ಕಪ್ಪು ಮಣ್ಣಾಗಿ ಮಾರ್ಪಟ್ಟಿವೆ. ಒಂದು ಕಲ್ಲಿನಿಂದ ಎರಡು ಮಣ್ಣು, ಎರಡು ಕಲ್ಲಿನಿಂದ ಒಂದೇ ಮಣ್ಣು ಎಂಬ ಈ ಪಾಠ ಬೇರೆ ಗ್ರಹದ ಜೇಡಿಯನ್ನು ದೂರದಿಂದ ಓದುವವರಿಗೆ ಅತ್ಯಗತ್ಯ.

ಮಂಗಳವನ್ನು ಓದುವ ಬಗೆ

2021ರ ಫೆಬ್ರುವರಿ 18ರಂದು ಜೆಝೆರೊ ಕುಳಿಯಲ್ಲಿ ಇಳಿದ ನಾಸಾದ ‘ಪರ್ಸೆವೆರೆನ್ಸ್’ ರೋವರ್ ತನ್ನ ದಾರಿಯಲ್ಲಿ ಚದುರಿಬಿದ್ದ ಬಿಳಿಚಿದ ಕಲ್ಲುಗಳನ್ನು ಕಂಡಿತು. ಪರೀಕ್ಷಿಸಿದಾಗ ಅವುಗಳಲ್ಲಿ ಅಲ್ಯೂಮಿನಿಯಂ ಹೆಚ್ಚಾಗಿದ್ದು, ಕಯೋಲಿನೈಟ್ ಇರುವುದು ತಿಳಿಯಿತು. ಬೀದರಿನಲ್ಲಿ ಬಸಾಲ್ಟಿನ ಕೊನೆಯ ಅವಸ್ಥೆಗಳಲ್ಲಿ ಕಾಣುವ ಜೇಡಿಯೇ ಇದು. ಮಂಗಳದ ಮಾರ್ತ್ ವ್ಯಾಲಿಸ್ ಎಂಬಲ್ಲಿಯೂ ಕೆಳಗೆ ಕಬ್ಬಿಣ–ಮೆಗ್ನೀಸಿಯಂ ಸ್ಮೆಕ್ಟೈಟ್, ಮೇಲೆ ಅಲ್ಯೂಮಿನಿಯಂ ಜೇಡಿ ಎಂಬ ಪದರಗಳ ಕ್ರಮವನ್ನು ಕಕ್ಷೆಯಿಂದ ಗುರುತಿಸಲಾಗಿದೆ. ಮೇಲಿನಿಂದ ನೀರು ಇಂಗುತ್ತ ಹೋದ ನೆಲದಲ್ಲಿ ನಿರೀಕ್ಷಿಸಬಹುದಾದ ಕ್ರಮವಿದು. ಬಹಳ ಕಾಲ ಮಳೆ ಸುರಿದಿತ್ತೆಂದು ಹೇಳಲು ಇವು ಪ್ರಬಲ ಸಾಕ್ಷಿಗಳು. ಆದರೆ ನೆಲದಡಿಯ ಬಿಸಿನೀರೂ ಕಯೋಲಿನೈಟನ್ನು ಹುಟ್ಟಿಸಬಲ್ಲದು. ಮಳೆಯ ಕಯೋಲಿನೈಟ್ ಯಾವುದು, ಬಿಸಿನೀರಿನದು ಯಾವುದು ಎಂದು ಬೇರ್ಪಡಿಸುವ ಕಲೆಯನ್ನು ಭೂಮಿಯ ಮಾದರಿಗಳ ಮೇಲೆಯೇ ಕಲಿಯಬೇಕು. ಬೀದರಿನ ಲ್ಯಾಟರೈಟ್ ಪದರಗಳ ಲಿಥಿಯಂ ಸಮಸ್ಥಾನಿಗಳ ಬಗೆಗೆ ವಿದೇಶಿ ವಿಜ್ಞಾನಿಗಳು ನಡೆಸಿದ ಅಧ್ಯಯನ 2004ರಲ್ಲಿ, ಓಸ್ಮಿಯಂ ಕುರಿತದ್ದು 2007ರಲ್ಲಿ ಪ್ರಕಟವಾಗಿವೆ. ಕಲ್ಲು ಕೊಳೆಯುವಾಗ ಯಾವ ಧಾತು ಎಲ್ಲಿಗೆ ಹೋಗುತ್ತದೆಂಬ ಇಂತಹ ಸೂಕ್ಷ್ಮ ಲೆಕ್ಕವೇ ಈ ಕಲೆಯ ಅಡಿಪಾಯ.

ಇನ್ನೊಂದು ನಿದರ್ಶನ ಗುಜರಾತಿನದು. 2004ರಲ್ಲಿ ‘ಆಪರ್ಚುನಿಟಿ’ ರೋವರ್ ಮಂಗಳದ ಮೆರಿಡಿಯಾನಿ ಬಯಲಿನಲ್ಲಿ ಜ್ಯಾರೊಸೈಟ್ ಎಂಬ ಹಳದಿ ಖನಿಜವನ್ನು ಗುರುತಿಸಿತು. ಅದು ಆಮ್ಲೀಯ ನೀರಿನಲ್ಲಿ ಹುಟ್ಟುವಂಥದು. ಆದುದರಿಂದ ಹಿಂದೆ ನೀರಿತ್ತೆಂಬ ವಾದಕ್ಕೆ ನೇರ ಆಧಾರ ದೊರೆಯಿತು. ಅದೇ ಖನಿಜ ಡೆಕ್ಕನ್ ಲಾವಾ ಪ್ರದೇಶಕ್ಕೆ ಸೇರಿದ ಕಛ್‌ನ ಮಾತಾನೊ ಮಢ ಎಂಬಲ್ಲಿ ಇರುವುದನ್ನು ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರ ಮತ್ತು ಖರಗ್‌ಪುರ ಐಐಟಿಯ ವಿಜ್ಞಾನಿಗಳು ಅಧ್ಯಯನ ಮಾಡಿ 2016ರಲ್ಲಿ ವರದಿ ಪ್ರಕಟಿಸಿದರು. ಅಂದಿನಿಂದ ಕಛ್ ಕೂಡ ಮಂಗಳದ ಪ್ರತಿರೂಪಗಳ ಪಟ್ಟಿಗೆ ಸೇರಿದೆ. ಮಹಾರಾಷ್ಟ್ರದ ಲೋಣಾರ್ ಅದಕ್ಕೂ ಮೊದಲೇ ಪ್ರಸಿದ್ಧ. ಸುಮಾರು 1.8 ಕಿಲೊಮೀಟರ್ ಅಗಲದ ಆ ಉಲ್ಕಾಕುಳಿ ಬಿದ್ದಿರುವುದು ಡೆಕ್ಕನ್ ಬಸಾಲ್ಟಿನ ಮೇಲೆ. ಮಂಗಳದ ಕುಳಿಗಳೂ ಬಹುಪಾಲು ಬಸಾಲ್ಟಿನ ಮೇಲಿನವು. ಭೂಮಿಯಲ್ಲಿ ಅಂತಹವು ತೀರ ವಿರಳ.

ಮಂಗಳದ ಕಲ್ಲು ತಾನಾಗಿಯೇ ನಮ್ಮ ದೇಶಕ್ಕೆ ಬಂದದ್ದೂ ಉಂಟು. 1865ರ ಆಗಸ್ಟ್ 25ರಂದು ಬಿಹಾರದ ಶೇರ್‌ಘಾಟಿಯಲ್ಲಿ ಬಿದ್ದ ಉಲ್ಕೆ ಬಸಾಲ್ಟಿನಂತಹ ಶಿಲೆ. ಅದರ ಹೆಸರಿನಿಂದಲೇ ‘ಶೆರ್ಗೊಟೈಟ್’ ಎಂಬ ಉಲ್ಕೆಗಳ ವರ್ಗ ಏರ್ಪಟ್ಟಿತು. ಇದೇ ವರ್ಗದ ಇನ್ನೊಂದು ಉಲ್ಕೆಯಲ್ಲಿ ಸಿಕ್ಕಿಬಿದ್ದಿದ್ದ ಅನಿಲ, 1976ರಲ್ಲಿ ‘ವೈಕಿಂಗ್’ ನೌಕೆಗಳು ಅಳೆದ ಮಂಗಳದ ವಾತಾವರಣಕ್ಕೆ ಹೊಂದಿದ್ದರಿಂದ ಇವುಗಳ ಮೂಲ ಸ್ಥಿರವಾಯಿತು.

ಗಾಳಿಯಿಲ್ಲದ ಚಂದ್ರ, ಕುಲುಮೆಯಂಥ ಶುಕ್ರ

ಶಿಥಿಲೀಕರಣಕ್ಕೆ ನೀರು ಮತ್ತು ಗಾಳಿ ಬೇಕೇ ಬೇಕು ಎಂದು ನಾವು ತರಗತಿಯಲ್ಲಿ ಹೇಳುತ್ತಿದ್ದೆವು. ಚಂದ್ರನಲ್ಲಿ ಎರಡೂ ಇಲ್ಲ. ಆದರೂ ಅಲ್ಲಿಯ ಕಲ್ಲು ಕೆಡುತ್ತದೆ. ಸೂಕ್ಷ್ಮ ಉಲ್ಕೆಗಳ ಬಡಿತ ಮತ್ತು ಸೌರಮಾರುತದ ಹೊಡೆತದಿಂದ ಹರಳುಗಳ ಮೇಲೆ ಅತಿ ಸಣ್ಣ ಕಬ್ಬಿಣದ ಕಣಗಳು ಕೂತು ಮಣ್ಣು ಕಪ್ಪಾಗುತ್ತದೆ. 2008ರ ಅಕ್ಟೋಬರ್ 22ರಂದು ಹಾರಿದ ನಮ್ಮ ಚಂದ್ರಯಾನ–1 ಹೊತ್ತೊಯ್ದಿದ್ದ ನಾಸಾದ ಉಪಕರಣದ ಮಾಹಿತಿಯನ್ನು ಪರಿಶೀಲಿಸಿದ ವಿಜ್ಞಾನಿಗಳು 2020ರಲ್ಲಿ ಇನ್ನೂ ಅಚ್ಚರಿಯ ಸಂಗತಿಯನ್ನು ಪ್ರಕಟಿಸಿದರು. ಚಂದ್ರನ ಧ್ರುವಗಳಿಗೆ ಸಮೀಪದ ಪ್ರದೇಶಗಳಲ್ಲಿ ಹೆಮಟೈಟ್, ಅಂದರೆ ತುಕ್ಕು, ಇದೆ. ಅದಕ್ಕೆ ಬೇಕಾದ ಆಮ್ಲಜನಕ ಭೂಮಿಯ ಕಾಂತಕ್ಷೇತ್ರದ ಬಾಲದ ಮೂಲಕ ಇಲ್ಲಿಂದಲೇ ಹೋಗಿರಬಹುದೆಂಬುದು ಅವರ ಊಹೆ.

ಚಂದ್ರನ ಎತ್ತರದ ನೆಲಕ್ಕೆ ಪ್ರತಿರೂಪವಾಗಿ ಬೇಕಾಗುವುದು ಬಸಾಲ್ಟ್ ಅಲ್ಲ, ಅನಾರ್ಥೊಸೈಟ್ ಎಂಬ ಬಿಳಿಯ ಅಗ್ನಿಶಿಲೆ. ಚಂದ್ರಯಾನ–2ರ ಇಳಿದಾಣ ವಾಹನ ಹಾಗೂ ರೋವರ್‌ಗಳ ಪರೀಕ್ಷೆಗೆ ಇಸ್ರೊಗೆ ಟನ್ನುಗಟ್ಟಲೆ ಕೃತಕ ಚಂದ್ರಮಣ್ಣು ಬೇಕಾಯಿತು. ವಿದೇಶದಿಂದ ತರಿಸಿದರೆ ದುಬಾರಿ. ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿ ಮತ್ತು ಕುನ್ನಮಲೈ ಗ್ರಾಮಗಳ ಅನಾರ್ಥೊಸೈಟನ್ನು ಪುಡಿಮಾಡಿಸಿ ಬೆಂಗಳೂರಿಗೆ ತರಲಾಯಿತು. ಈ ಮಣ್ಣಿನ ತಯಾರಿಕೆಗೆ 2020ರಲ್ಲಿ ಪೇಟೆಂಟ್ ಕೂಡ ದೊರೆಯಿತು. 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ–3ರ ‘ಪ್ರಜ್ಞಾನ್’ ಅಲ್ಲಿಯ ಮಣ್ಣನ್ನು ಅಳೆದಾಗ ಅದು ಅನಾರ್ಥೊಸೈಟ್ ಬಗೆಯದೇ ಎಂದು ತಿಳಿಯಿತು. ಮೈಸೂರಿನಿಂದ ಒಂದು ದಿನದ ಪ್ರಯಾಣದ ದೂರದಲ್ಲಿರುವ ಹಳ್ಳಿಯ ಕಲ್ಲು ಚಂದ್ರನ ಪರವಾಗಿ ಪರೀಕ್ಷೆ ಬರೆದು ಉತ್ತೀರ್ಣವಾಯಿತು.

ಶುಕ್ರನ ಕಥೆಯೇ ಬೇರೆ. ಅಲ್ಲಿಯ ಶಾಖ ಸುಮಾರು 465 ಡಿಗ್ರಿ ಸೆಲ್ಸಿಯಸ್, ಒತ್ತಡ ನಮ್ಮದರ 90 ಪಟ್ಟಿಗಿಂತ ಹೆಚ್ಚು. ಪ್ರಯೋಗಾಲಯದ ಕುಲುಮೆಯಲ್ಲಿ ಒಲಿವೀನ್ ಹರಳುಗಳನ್ನು ಇಟ್ಟಾಗ ಕೆಲವೇ ದಿನಗಳಲ್ಲಿ ಹೆಮಟೈಟ್ ಪೊರೆ ಕಟ್ಟಿದ್ದನ್ನು 2020ರ ಅಧ್ಯಯನವೊಂದು ತೋರಿಸಿತು. ಶುಕ್ರನ ಕೆಲವು ಲಾವಾ ಪ್ರವಾಹಗಳಲ್ಲಿ ಅಂತಹ ಪೊರೆಯ ಲಕ್ಷಣ ಕಾಣದಿರುವುದರಿಂದ ಅವು ತೀರ ಹೊಸವು, ಬಹುಶಃ ಕೆಲವೇ ವರ್ಷಗಳವು ಎಂಬ ತರ್ಕ ಹುಟ್ಟಿತು. 2023ರಲ್ಲಿ ‘ಮೆಜೆಲನ್’ ನೌಕೆಯ 1991ರ ಚಿತ್ರಗಳನ್ನು ಮತ್ತೆ ಹೋಲಿಸಿ ನೋಡಿದಾಗ, ಎಂಟು ತಿಂಗಳ ಅಂತರದಲ್ಲಿ ಜ್ವಾಲಾಮುಖಿಯ ಬಾಯಿಯೊಂದು ಆಕಾರ ಬದಲಿಸಿದ್ದು ಕಂಡುಬಂತು. ಸತ್ತಿತೆಂದು ತಿಳಿದಿದ್ದ ಗ್ರಹದಲ್ಲಿ ಬೆಂಕಿ ಇನ್ನೂ ಆರಿಲ್ಲ.

ಹೋಲಿಕೆಯ ಮಿತಿ

ಪ್ರತಿರೂಪಗಳನ್ನು ಬಳಸುವಲ್ಲಿ ಎಚ್ಚರವೂ ಬೇಕು. ಬೀದರಿನಲ್ಲಿ ಮುಂಗಾರು ಇದೆ, ಗಾಳಿಯಲ್ಲಿ ಧಾರಾಳವಾಗಿ ಆಮ್ಲಜನಕವಿದೆ. ಎಲ್ಲಕ್ಕಿಂತ ಮಿಗಿಲಾಗಿ ಜೀವವಿದೆ. ಬಂಡೆಯ ಮೇಲಿನ ಕಲ್ಲುಹೂವು, ಬೇರುಗಳು, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಆಮ್ಲ ಸುರಿಸಿ ಕಲ್ಲನ್ನು ಕರಗಿಸುತ್ತಿರುತ್ತವೆ. ಭೂಮಿಯ ಮೇಲೆ ಜೀವ ಕೈಯಾಡಿಸದ ಕಲ್ಲನ್ನು ಹುಡುಕುವುದೇ ಕಷ್ಟ.

ಈ ಮಿತಿ ಕೇವಲ ಪಂಡಿತರ ಚರ್ಚೆಯ ವಿಷಯವಲ್ಲ. ಪರ್ಸೆವೆರೆನ್ಸ್ ರೋವರ್ 2024ರಲ್ಲಿ ಜೆಝೆರೊದ ಹಳೆಯ ನದಿಕಣಿವೆಯಲ್ಲಿ ಚಿರತೆಯ ಮೈಯಂತಹ ಚುಕ್ಕೆಗಳಿರುವ ಕೆಸರುಗಲ್ಲನ್ನು ಕಂಡು ಅದರ ಮಾದರಿ ತೆಗೆದುಕೊಂಡಿತು. ಆ ಚುಕ್ಕೆಗಳಲ್ಲಿ ಕಬ್ಬಿಣದ ಫಾಸ್ಫೇಟ್ ಮತ್ತು ಸಲ್ಫೈಡುಗಳಿವೆ. ಭೂಮಿಯಲ್ಲಾದರೆ ಇವನ್ನು ಹಲವು ವೇಳೆ ಸೂಕ್ಷ್ಮಜೀವಿಗಳು ನಿರ್ಮಿಸುತ್ತವೆ. 2025ರ ಸೆಪ್ಟೆಂಬರಿನಲ್ಲಿ ‘ನೇಚರ್’ ಪ್ರಕಟಿಸಿದ ಪ್ರಬಂಧ ಇವನ್ನು ಜೀವದ ಸಂಭಾವ್ಯ ಕುರುಹು ಎಂದಷ್ಟೇ ಕರೆಯಿತು. ‘ಸಂಭಾವ್ಯ’ ಎಂಬ ಆ ಒಂದು ಪದದಲ್ಲಿ ಮನುಕುಲದ ಅತಿ ದೊಡ್ಡ ಪ್ರಶ್ನೆ ತೂಗಾಡುತ್ತಿದೆ. ಮಾದರಿ ಇನ್ನೂ ಮಂಗಳದಲ್ಲಿಯೇ ಇದೆ. ಅದು ಜೀವದ ಕೆಲಸವೆಂದು ಹೇಳಬೇಕಾದರೆ, ಜೀವದ ನೆರವಿಲ್ಲದೆ ಕಲ್ಲು ಮತ್ತು ನೀರು ತಾವೇ ಏನೇನು ಮಾಡಬಲ್ಲವು ಎಂಬುದು ಮೊದಲು ಪೂರ್ತಿಯಾಗಿ ಗೊತ್ತಿರಬೇಕು. ಆ ಉತ್ತರ ದೊರೆಯಬೇಕಾದದ್ದು ಭೂಮಿಯ ಬಸಾಲ್ಟಿನಲ್ಲಿ.

ನಮ್ಮ ಪಾಲಿನ ಕೆಲಸ

ಬಸಾಲ್ಟಿನ ಶಿಥಿಲೀಕರಣ ನಮ್ಮ ಬದುಕಿಗೂ ಸಂಬಂಧಿಸಿದ್ದು. ಕಲ್ಲು ಕರಗುವಾಗ ಗಾಳಿಯ ಇಂಗಾಲದ ಡೈಆಕ್ಸೈಡ್ ನೀರಿನ ಮೂಲಕ ಸಮುದ್ರ ಸೇರಿ ಸುಣ್ಣದ ಕಲ್ಲಾಗುತ್ತದೆ. ಜಗತ್ತಿನ ನೆಲದಲ್ಲಿ ಬಸಾಲ್ಟಿನ ಪಾಲು ಶೇ 5ಕ್ಕಿಂತ ಕಡಿಮೆ. ಆದರೆ ಸಿಲಿಕೇಟ್ ಶಿಲೆಗಳು ಹೀಗೆ ಹೀರಿಕೊಳ್ಳುವ ಇಂಗಾಲದಲ್ಲಿ ಅದರ ಪಾಲು ಸುಮಾರು ಶೇ 30 ಎಂದು ಅಂದಾಜು. ಲಕ್ಷಾಂತರ ವರ್ಷಗಳ ಅವಧಿಯಲ್ಲಿ ಭೂಮಿಯ ಶಾಖವನ್ನು ಹತೋಟಿಯಲ್ಲಿಟ್ಟಿರುವ ವ್ಯವಸ್ಥೆಗಳಲ್ಲಿ ಇದೂ ಒಂದು. ಶುಕ್ರನಲ್ಲಿ ನೀರಿಲ್ಲದೆ ಈ ವ್ಯವಸ್ಥೆ ನಡೆಯಲಿಲ್ಲ. ಮಂಗಳದಲ್ಲಿ ನಡೆದೂ ನಿಂತುಹೋಯಿತು. ಮೂರು ಗ್ರಹಗಳ ಹಣೆಬರಹ ಬೇರೆ ಬೇರೆಯಾದದ್ದು ಹೇಗೆಂಬುದು ಹವಾಗುಣ ಬದಲಾಗುತ್ತಿರುವ ಈ ಕಾಲದಲ್ಲಿ ತಿಳಿದಿರಬೇಕಾದ ಸಂಗತಿ.

ಇಷ್ಟು ಬೆಲೆಯುಳ್ಳ ಕಲ್ಲುಗಳನ್ನು ನಾವು ಹೇಗೆ ನೋಡಿಕೊಳ್ಳುತ್ತಿದ್ದೇವೆ? ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಗುರುತಿಸಿದವುಗಳಲ್ಲಿ ಕರ್ನಾಟಕದ ನಾಲ್ಕು ತಾಣಗಳಿವೆ: ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಉಡುಪಿಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬು ಲಾವಾ, ಕೋಲಾರ ಚಿನ್ನದ ಗಣಿ ಪ್ರದೇಶದ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆಗಳು. ಲ್ಯಾಟರೈಟಿಗಾಗಿ ಕೇರಳದ ಅಂಗಾಡಿಪುರಕ್ಕೆ ಆ ಗೌರವ ದೊರೆತಿದೆ. ಕಪ್ಪು ಲಾವಾದಿಂದ ಕೆಂಪುಕಲ್ಲಿನವರೆಗಿನ ಎಲ್ಲ ಹಂತಗಳನ್ನು ಒಂದೇ ಇಳಿಜಾರಿನಲ್ಲಿ ತೋರಿಸುವ ಬೀದರಿಗೆ ದೊರೆತಿಲ್ಲ. ಇಂತಹ ತಾಣಗಳ ರಕ್ಷಣೆಗಾಗಿ ಕೇಂದ್ರದ ಗಣಿ ಸಚಿವಾಲಯ 2022ರ ಡಿಸೆಂಬರಿನಲ್ಲಿ ಮಸೂದೆಯ ಕರಡೊಂದನ್ನು ಪ್ರಕಟಿಸಿತು. ಕಾಗದದ ಮೇಲಿನ ಆ ಕಾಳಜಿ ಕಲ್ಲುಗಳಿರುವ ಊರುಗಳನ್ನು ತಲುಪಬೇಕಾಗಿದೆ.

ಚಾಮರಾಜನಗರದ ಕಡೆ ಪ್ರತಿವರ್ಷ ನಾನು ವಿದ್ಯಾರ್ಥಿಗಳನ್ನು ಕರೆದೊಯ್ಯುತ್ತಿದ್ದ ಗುಡ್ಡವೊಂದಿತ್ತು. ನೈಸ್ ಬಂಡೆಯೊಳಗೆ ಕರಿಕಲ್ಲು ನುಗ್ಗಿದ ಗಡಿಯೂ, ಅದು ಕೊಳೆತು ಮಣ್ಣಾಗುವ ಹಂತಗಳೂ ಅಲ್ಲಿ ಬರಿಗಣ್ಣಿಗೆ ಕಾಣುತ್ತಿದ್ದವು. ಕೊನೆಯ ಸಲ ಹೋದಾಗ ಗುಡ್ಡವೇ ಇರಲಿಲ್ಲ. ನೀರು ತುಂಬಿದ ಚೌಕ ಹೊಂಡವಿತ್ತು. ಕಲ್ಲು ತೆಗೆಯಬಾರದೆಂದು ನಾನು ಹೇಳಲಾರೆ. ನನ್ನ ಮನೆಯ ಅಡುಗೆ ಕಟ್ಟೆಯೂ ಅದೇ ಕಲ್ಲಿನದು. ಅದನ್ನು ನಂಬಿದ ಕುಟುಂಬಗಳೂ ಬಹಳ. ಆದರೆ ನೂರು ಗುಡ್ಡಗಳಲ್ಲಿ ಒಂದನ್ನು ಪಾಠಕ್ಕೆಂದು ಉಳಿಸಿಕೊಳ್ಳುವುದು ನಾಡಿಗೆ ಭಾರವಾಗದು. ಅದನ್ನು ಓದಬಲ್ಲವರನ್ನು ಉಳಿಸಿಕೊಳ್ಳುವುದು ಇನ್ನೂ ಮುಖ್ಯ. ನಾನು ಕೆಲಸ ಮಾಡಿದ ಕಾಲೇಜಿನಲ್ಲಿ ಕ್ಷೇತ್ರಾಧ್ಯಯನದ ಬಸ್ಸಿನ ಬಾಡಿಗೆಗೆ ಮಂಜೂರಾತಿ ಸಿಗದೆ ವಿದ್ಯಾರ್ಥಿಗಳು ಕಪಾಟಿನ ಮಾದರಿಗಳನ್ನಷ್ಟೇ ನೋಡಿ ಪದವಿ ಪಡೆದ ವರ್ಷಗಳಿವೆ. ಕಪಾಟಿನಲ್ಲಿರುವ ಕಲ್ಲಿಗೆ ತೊಗಟೆ ಇರುವುದಿಲ್ಲ, ಇಳಿಜಾರು ಇರುವುದಿಲ್ಲ, ನೀರು ಹರಿದ ದಾರಿಯೂ ಇರುವುದಿಲ್ಲ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಬೀದರಿನ ಒಂದು ಕಡಿದ ದಿಣ್ಣೆಯನ್ನು ಬೇಲಿ ಹಾಕಿ ಕಾಯ್ದಿರಿಸಿ, ಪದರಗಳ ವಿವರವನ್ನು ಕನ್ನಡದಲ್ಲಿ ಬರೆದ ಫಲಕ ನಿಲ್ಲಿಸಬಹುದು. ಸುರಂಗ ಬಾವಿ ನೋಡಲು ಬರುವ ಪ್ರವಾಸಿಗೆ ಕಟ್ಟಿದವರ ಚರಿತ್ರೆಯ ಜೊತೆಗೆ ಕಲ್ಲಿನ ಚರಿತ್ರೆಯನ್ನೂ ಹೇಳಬಹುದು. 1916ರಲ್ಲಿ ಸ್ಥಾಪನೆಯಾದ, ಮಾನಸಗಂಗೋತ್ರಿಯಲ್ಲಿ ಭೂವಿಜ್ಞಾನ ವಿಭಾಗವನ್ನು ಹೊಂದಿರುವ ಮೈಸೂರು ವಿಶ್ವವಿದ್ಯಾನಿಲಯವೂ, ಬೆಂಗಳೂರಿನ ಇಸ್ರೊ ಕೇಂದ್ರಗಳೂ, ಕಲ್ಯಾಣ ಕರ್ನಾಟಕದ ವಿಶ್ವವಿದ್ಯಾಲಯಗಳೂ ಸೇರಿ ಡೆಕ್ಕನ್ ಶಿಥಿಲೀಕರಣದ ಮಾದರಿಗಳ ಸಂಗ್ರಹವೊಂದನ್ನು ಕಟ್ಟಬಹುದು. ಬೇರೆ ಗ್ರಹಗಳಿಗೆ ಹೋಗುವ ನೌಕೆಗಳ ರೋಹಿತಮಾಪಕಗಳಿಗೆ ಇಂತಹ ಸಂಗ್ರಹ ನಿಘಂಟಿನಂತೆ ಬೇಕಾಗುತ್ತದೆ. 2014ರ ಸೆಪ್ಟೆಂಬರ್ 24ರಂದು ಮೊದಲ ಪ್ರಯತ್ನದಲ್ಲಿಯೇ ಮಂಗಳದ ಕಕ್ಷೆಯನ್ನು ಸೇರಿದ ದೇಶಕ್ಕೆ ಇದು ಎಟುಕದ ಕೆಲಸವಲ್ಲ. ನೌಕೆ ಕಟ್ಟಲು ತೋರಿದ ಉತ್ಸಾಹದ ಒಂದಂಶವನ್ನು ಕಾಲಡಿಯ ಕಲ್ಲು ಕಾಯಲು ತೋರಿಸಿದರೆ ಸಾಕು.